ತಿಬ್ಬಳ ಎಲ್ಲಿ ಗಿಮಟಿತು?

ಜೂನ್ ಮೊದಲ ವಾರ. ಗಂಗಾವತಿ ಸೀಮೆಯ ನಮ್ಮ ಶಾಲೆಯ ಐದನೇ ತರಗತಿ ಬೋರ್ಡಿನ ಮೇಲೆ ಒಂದು ಸಾಲು ಬರೆದೆ: ‘ತಿಬ್ಬಳವೊಂದು ನುರಕಿನ ಮೇಲೆ ಗಿಮಟಿತು.’ ತಿಬ್ಬಳ ಎಲ್ಲಿ ಗಿಮಟಿತು ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ನುರಕಿನ ಮ್ಯಾಗ ಗಿಮಟಿತ್ರಿ ಸರ’ ಎಂದಿತು. ‘ಗಿಮಟೂದು ಅಂದ್ರೇನು?’ ಎಂದೆ. ಮಿಕಿಮಿಕಿ ನೋಡಿದರು. ಮೂರೂ ಪದ ನಾನೇ ಹುಟ್ಟಿಸಿದವು, ಅರ್ಥ ನನಗೂ ಗೊತ್ತಿಲ್ಲ.

ನಮ್ಮ ಮಕ್ಕಳು ಪಾಠದ ಪ್ರಶ್ನೋತ್ತರ ಬರೆಯುವುದೂ ಹೀಗೇ. ಪ್ರಶ್ನೆಯಲ್ಲಿರುವ ಪದ ಪಾಠದ ಯಾವ ಸಾಲಿನಲ್ಲಿದೆ ನೋಡು, ಆ ಸಾಲನ್ನು ಇಳಿಸು. ವಿಭಕ್ತಿ ಪ್ರತ್ಯಯವೇ ದಾರಿ ತೋರಿಸುತ್ತದೆ, ಅರ್ಥದ ಹಂಗಿಲ್ಲ. ಎಷ್ಟೋ ವರ್ಷ ಇಂಥ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ರೈಟ್ ಹಾಕಿದವನು ನಾನೇ.

ಆ ಬೇಸಿಗೆಯ ಲಗ್ನಪತ್ರಿಕೆಗಳು ಇನ್ನೂ ಮನೆಗಳಲ್ಲಿದ್ದವು. ತರಲು ಹೇಳಿದೆ, ಚೀಲ ತುಂಬ ಬಂದವು. ಓದಿಸಿದರೆ ಒಬ್ಬ ‘ಲಿಂ’ ಎಂಬುದನ್ನು ಇನಿಶಿಯಲ್ ಎಂದುಕೊಂಡ. ‘ಸರ, ಇವರ ಅಪ್ಪನ ಹೆಸರು ಲಿಂಗಪ್ಪ ಇರಬೇಕ್ರಿ.’ ಹಿಂದಿನ ಬೆಂಚಿನ ಹುಡುಗಿ ತಡೆದಳು: ‘ಅಲ್ಲೋ, ನಮ್ಮ ಮುತ್ಯಾಗೂ ಹಂಗ ಹಾಕ್ಯಾರ. ಅಂವ ತೀರಿಕೊಂಡಾನ.’ ಲಿಂಗೈಕ್ಯ ಎಂಬ ಪದವನ್ನು ಬೋರ್ಡಿಗೆ ಬರೆದೆ. ಆಮೇಲೆ ಆಟ ಶುರು. ಯಾರ ಕೈಯಲ್ಲಿರುವ ಪತ್ರಿಕೆಯ ಮನೆಯಲ್ಲಿ ಅಜ್ಜ ಇಲ್ಲ, ಯಾರ ಮನೆಯಲ್ಲಿ ಇದ್ದಾರೆ? ಯಾವ ಪತ್ರಿಕೆಯೂ ‘ಅಜ್ಜ ಸತ್ತಿದ್ದಾರೆ’ ಎಂದು ಬರೆದಿರಲಿಲ್ಲ, ಆದರೂ ಎಲ್ಲರೂ ಹೇಳಿದರು.

ಇನ್ನೊಂದು ಪತ್ರಿಕೆಯ ಕೆಳಗೆ ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎಂದಿತ್ತು, ಅಡಿಯಲ್ಲಿ ನಾಲ್ಕು ಮಕ್ಕಳ ಹೆಸರು. ತಂದ ಹುಡುಗ ನಕ್ಕ. ‘ಕಡೀ ಹೆಸರು ನಮ್ಮ ತಂಗಿದ್ರಿ. ಆಕೀಗೆ ಆರು ತಿಂಗಳ. ಆಕಿ ಹೆಂಗ ಕರೀತಾಳ್ರಿ?’ ಬರೆದವರು ಒಬ್ಬರು, ಮಾತು ಇನ್ನೊಬ್ಬರದು. ಕಥೆಯ ಪಾಠದಲ್ಲಿ ಇದನ್ನು ತಿಳಿಸಲು ಎಷ್ಟು ಒದ್ದಾಡಿದ್ದೆ! ಆ ಕೂಸು ಒಂದೇ ಪಿರಿಯಡ್ಡಿನಲ್ಲಿ ತಿಳಿಸಿತು. ಅಂದಿನಿಂದ ಏನು ಓದುವ ಮುಂಚೆಯೂ ಮೂರು ಮಾತು ಕೇಳುವುದು ರೂಢಿಯಾಯಿತು: ಯಾರು ಬರದಾರ, ಯಾರಿಗೆ, ಯಾಕ?

ಪ್ರಶ್ನೆಗಳಿಗೆ ಹೆಸರಿಟ್ಟವರು ಮಕ್ಕಳೇ. ಸಾಲಿನಲ್ಲೇ ಸಿಗುವ ಉತ್ತರ ‘ತೇಲೋದು’. ಎರಡು ಕಡೆಯ ಮಾತು ಜೋಡಿಸಿದರೆ ಸಿಗುವುದು ‘ಮುಳುಗಿದ್ದು’. ಕಾಲುವೆಯಲ್ಲಿ ಈಜುವ ಹುಡುಗರು, ಹಾಗಾಗಿ ಈ ಹೆಸರು.

ಎಲ್ಲವೂ ಕೈಗೂಡಲಿಲ್ಲ. ಗೊಬ್ಬರದ ಚೀಲ ತಂದು ಓದಿಸಿದೆ. ಪೋಷಕಾಂಶಗಳ ಶೇಕಡಾ ಪ್ರಮಾಣ ಹೇಳುವ 20:20:0:13 ನೋಡಿದ್ದೇ ತಡ, ಕೂಡಿಸಿ 53 ಎಂದರು, ತರಗತಿ ಗಣಿತಕ್ಕೆ ತಿರುಗಿತು. ಅದಕ್ಕಿಂತ ದೊಡ್ಡ ತಪ್ಪು, ‘ಹೊಲದಾಗ ಬಳಸೋ ಏನಾರ ಓದಾಕ ತರ್ರಿ’ ಎಂದದ್ದು. ಭತ್ತದ ನಾಟಿ ದಿನಗಳು, ಒಬ್ಬ ಕೀಟನಾಶಕದ ಖಾಲಿ ಬಾಟಲಿಯನ್ನೇ ಪಾಟಿಚೀಲದಲ್ಲಿ ಪುಸ್ತಕದ ಜೊತೆ ಇಟ್ಟುಕೊಂಡು ಬಂದ. ಎದೆ ಝಲ್ಲೆಂದಿತು. ಹೊರಗಿಡಿಸಿ, ಅವನ ಕೈಯನ್ನು ಸಾಬೂನಿನಿಂದ ತೊಳೆಸಿ, ಚೀಲ ಒಗೆಯಲು ಕಳಿಸಿದೆ. ಲೇಬಲ್ಲಿನ ಫೋಟೋ ಮಾತ್ರ ಫೋನಿನಲ್ಲಿ ತೆಗೆದುಕೊಂಡು ಮಾರನೇ ದಿನ ತೋರಿಸಿದೆ. ಕೆಂಪು ತ್ರಿಕೋನವಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಕ್ಷರವಿಲ್ಲದೆ ಬಣ್ಣವನ್ನೂ ಓದಬೇಕು ಎಂಬುದು ಆ ತ್ರಿಕೋನದಿಂದಲೇ ಬಂದ ಪಾಠ. ಇಂಥದ್ದನ್ನು ಮಾಡುವವರು ನನ್ನಂತೆ ಬಾಯಿ ಸಡಿಲ ಬಿಡಬೇಡಿ, ಏನು ತರಬಾರದು ಎಂಬುದನ್ನು ಮೊದಲು ಹೇಳಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ನಮ್ಮದು ಎಡದಂಡೆ ಕಾಲುವೆಯ ನೀರು ಕುಡಿಯುವ ಹೊಲಗಳ ಊರು, ಮನೆಮನೆಯಲ್ಲೂ ಅದೇ ಮಾತು. ತರಗತಿಗೆ ಪತ್ರಿಕೆಯ ಸುದ್ದಿ ತಂದೆ. ಫೋನಿಗೆ ಬಂದಿದ್ದ ಒಂದು ಫಾರ್ವರ್ಡನ್ನೂ ಬರೆದು ತಂದೆ. ‘ಎನ್ನಲಾಗಿದೆ’, ‘ತಿಳಿಸಿದ್ದಾರೆ’, ‘ಸಾಧ್ಯತೆ ಇದೆ’ ಎಂಬಲ್ಲೆಲ್ಲ ಗೆರೆ ಎಳೆಯಿರಿ ಎಂದೆ. ಪತ್ರಿಕೆಯ ತುಂಬ ಗೆರೆ, ಫಾರ್ವರ್ಡಿನಲ್ಲಿ ಒಂದೂ ಇಲ್ಲ. ‘ಹಂಗಾದ್ರ ಫೋನಿಂದೇ ಖರೇನ್ರಿ?’ ಎಂದ ಒಬ್ಬ. ಅಷ್ಟು ಗಟ್ಟಿಯಾಗಿ ಹೇಳುತ್ತದಲ್ಲ! ಯಾರು ಹೇಳಿದ್ದು ಅಂತ ಅದರಲ್ಲಿ ಹುಡುಕು ಎಂದೆ. ಹಿಂದುಮುಂದು ತಿರುಗಿಸಿದ. ‘ಯಾರೂ ಹೇಳಿಲ್ರಿ.’

ಅದೇ ದಿನದ ಮುಳುಗಿದ ಪ್ರಶ್ನೆ: ಇರುವ 33 ಗೇಟುಗಳಲ್ಲಿ ಒಂದು ಹೋದರೆ ಉಳಿದವನ್ನು ಮುಚ್ಚಬೇಕಲ್ಲ, ಯಾಕೆ ತೆರೆದರು? ಮೊದಲೆಲ್ಲ ‘ನೀರು ಬಿಡಾಕ’ ಎಂದು ತೇಲಿಸಿದರು. ಸುದ್ದಿಯಲ್ಲಿ ‘ಒತ್ತಡ’ ಎಂಬ ಪದವನ್ನು ಹಿಡಿದವಳು ‘ಲಿಂ’ ಬಿಡಿಸಿದ ಹುಡುಗಿಯೇ. ‘ಸಂತ್ಯಾಗ ಒಂದ ಬಾಗಲ ತೆರದ್ರ ಎಲ್ಲಾರೂ ಅಲ್ಲೇ ಬಂದು ನೂಕ್ತಾರಲ್ರಿ. ಎಲ್ಲಾ ಬಾಗಲ ತೆರದ್ರ ನೂಕೂದು ಕಡಿಮಿ.’

ಪದ್ಯದ ಮಟ್ಟಿಗೆ ನಾನು ಇನ್ನೂ ಸೋತವನೇ. ರಾಗ ಹಾಕಿ ಹಾಡಿಬಿಡುತ್ತಾರೆ, ಅರ್ಥ ಕೇಳಿದರೆ ಮತ್ತೊಮ್ಮೆ ಹಾಡುತ್ತಾರೆ.

ಸೆಪ್ಟೆಂಬರ್ ಪರೀಕ್ಷೆಗೆ ಗದ್ಯಭಾಗವೊಂದನ್ನು ನಾನೇ ಬರೆದು ಐದು ಪ್ರಶ್ನೆ ಕೊಟ್ಟಿದ್ದೆ. ನಾಲ್ಕನೆಯದಕ್ಕೆ ಬಾಟಲಿ ತಂದಿದ್ದ ಹುಡುಗ ಬರೆದಿದ್ದ: ‘ಈ ಉತ್ತರ ತೇಲಿಲ್ಲ, ಮುಳುಗಿಲ್ಲ. ಇದರಾಗ ಇಲ್ಲವೇ ಇಲ್ಲ.’ ಸಿಟ್ಟು ಬಂತು. ಗದ್ಯವನ್ನು ಎರಡು ಸಲ ಓದಿದೆ. ಟೈಪು ಮಾಡುವಾಗ ಒಂದು ಸಾಲು ಬಿಟ್ಟಿದ್ದೆ. ಉಳಿದ ಮೂವತ್ತೊಂದು ಮಕ್ಕಳೂ ಅದಕ್ಕೆ ಏನೋ ಒಂದು ಉತ್ತರ ಬರೆದಿದ್ದರು.