ದುಡ್ಡು ಕೊಟ್ಟವರ ಅಮ್ಮನಿಗೂ ಕ್ಯೂ ತಪ್ಪಲಿಲ್ಲ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಮ್ಮ ಕಡೆಯ ಹಿರಿಯರಿಗೆ ಅಂತ ಒಂದು ಲಾಂಗ್ ಟರ್ಮ್ ಕೇರ್ ಹೋಮ್, ಅಂದರೆ ಹಗಲೂ ರಾತ್ರಿ ನೋಡಿಕೊಳ್ಳಬೇಕಾದವರು ಇರುವ ಆರೈಕೆ ಮನೆ, ಕಟ್ಟುವ ಕೆಲಸದಲ್ಲಿ ನಾನು ಶುರುವಿನಿಂದಲೂ ಇದ್ದೆ. ಮೊದಲು ಖಜಾಂಚಿ, ಆಮೇಲೆ ಊಟದ ಸಮಿತಿ. ಬೇರೆ ಊರಿನ ಕನ್ನಡ ಸಂಘದವರು ಆಗಾಗ ಫೋನ್ ಮಾಡಿ "ನಾವೂ ಒಂದು ಮಾಡ್ಬೇಕು ಅಂತಿದ್ದೀವಿ, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಬರೆದೇಬಿಡೋಣ ಅನ್ನಿಸಿತು.

ಕನ್ನಡಿಗರು ಮಾತ್ರ ಸೇರಿ ಇದನ್ನು ಮಾಡೋಕಾಗಲ್ಲ. ಅಷ್ಟು ಜನ ನಾವಿಲ್ಲ. ಟೊರೊಂಟೊದಲ್ಲಿ ಇಟಲಿಯವರು 1976ರಲ್ಲೇ ತಮ್ಮ ಹಿರಿಯರಿಗೆ ವಿಲ್ಲಾ ಕೊಲಂಬೊ ಅನ್ನುವ ಹೋಮ್ ತೆರೆದರು, ಚೀನೀಯರ ಮೋನ್ ಶಾಂಗ್ ಫೌಂಡೇಶನ್ 1964ರದ್ದು, ಡಾ. ಜೋಸೆಫ್ ವಾಂಗ್ ಮುಂದೆ ನಿಂತು ಕಟ್ಟಿದ ಯೀ ಹಾಂಗ್ 1994ರಲ್ಲಿ ಸ್ಕಾರ್ಬರೋದಲ್ಲಿ ಶುರುವಾಯಿತು. ಅವರಿಗೆಲ್ಲ ಒಂದೇ ಕಡೆ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ತಮ್ಮ ಜನ ಇದ್ದರು. ನಾವು ತಮಿಳರು, ಗುಜರಾತಿಗಳು, ಪಂಜಾಬಿಗಳು ಎಲ್ಲರ ಜೊತೆ ಕೂಡಿಕೊಂಡೆವು. ಜಗಳ ಆಯ್ತಾ? ಆಯ್ತು. ಪ್ರಾರ್ಥನೆ ಕೋಣೆ ಹೇಗಿರಬೇಕು ಅನ್ನೋದರ ಮೇಲೇ ಎಷ್ಟೋ ಸಂಜೆ ಹೋಯಿತು. ಆದರೂ ಒಂದೇ ಭಾಷೆಯ ಹೋಮ್ ಕನಸು ಹಿಡಿದು ಕೂತಿದ್ದರೆ ಇವತ್ತಿಗೂ ಮೀಟಿಂಗ್ ಮಾಡಿಕೊಂಡೇ ಇರುತ್ತಿದ್ದೆವು.

ಚಾರಿಟಿ ನೋಂದಣಿ ಜಾಸ್ತಿ ಕಷ್ಟ ಇಲ್ಲ, ಆದರೆ ನಮ್ಮ ಸಂಘಗಳ ರೂಢಿಗೆ ಅದು ಒಗ್ಗುವುದಿಲ್ಲ. ನಿರ್ದೇಶಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಬ್ಬರಿಗೊಬ್ಬರು ಸಂಬಂಧಿಕರೂ ವ್ಯವಹಾರದ ಪಾಲುದಾರರೂ ಅಲ್ಲದವರೇ ಆಗಿರಬೇಕು. ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಭಾವಮೈದ ಲೆಕ್ಕ ನೋಡೋದು, ಈ ಪದ್ಧತಿ ಇಲ್ಲಿ ನಡೆಯಲ್ಲ. ನಿರ್ದೇಶಕರಾಗಿ ಕೂತವರ ಕಂಪನಿಗೇ ಕಟ್ಟಡದ ಗುತ್ತಿಗೆ ಕೊಡುವ ಮಾತೂ ಬೇಡ. ನಮ್ಮಲ್ಲಿ ಒಬ್ಬ ಬಿಲ್ಡರ್ ಇದ್ದರು, ತುಂಬಾ ಒಳ್ಳೆಯ ಮನುಷ್ಯ. ಮೊದಲ ದಿನವೇ "ನನ್ನನ್ನ ಬೋರ್ಡಿಗೆ ಹಾಕ್ಬೇಡಿ, ಹೊರಗಿದ್ದೇ ಸಲಹೆ ಕೊಡ್ತೀನಿ" ಅಂದರು. ಅಂಥವರು ಸಿಕ್ಕರೆ ಪುಣ್ಯ.

ದುಡ್ಡು ಎತ್ತೋದಕ್ಕೆ ನಮ್ಮ ಜನ ಹಿಂದೆ ಬೀಳಲ್ಲ. ಔತಣಕೂಟ, ಸಂಗೀತ, ನಡಿಗೆ ಎಲ್ಲ ಮಾಡಿದೆವು. 200 ಡಾಲರ್ ದಾಟಿದ ದೇಣಿಗೆಗೆ ಫೆಡರಲ್ ತೆರಿಗೆಯಲ್ಲೇ ಕಡಿಮೆ ಅಂದರೂ 29% ವಿನಾಯಿತಿ ಸಿಗುತ್ತದೆ, ಪ್ರಾಂತ್ಯದ್ದು ಬೇರೆ. ಅದನ್ನು ವಿವರಿಸಿದರೆ ಚೆಕ್ಕಿನ ಮೊತ್ತ ಸ್ವಲ್ಪ ಏರುತ್ತದೆ. ಕಷ್ಟ ಬಂದದ್ದು ಇನ್ನೊಂದು ಮಾತಿನಿಂದ. ಔತಣ ಮುಗಿದು ಕುರ್ಚಿ ಮಡಚುವ ಹೊತ್ತಿಗೆ ಯಾರಾದರೊಬ್ಬರು ಪಕ್ಕಕ್ಕೆ ಕರೆಯುತ್ತಿದ್ದರು: "ಸಾರ್, 50,000 ಕೊಡ್ತೀನಿ. ಅಮ್ಮನಿಗೆ ಒಂದು ರೂಮ್ ಹಿಡಿದಿಡಿ." ಆಗಲ್ಲ ಅನ್ನಬೇಕಿತ್ತು, ಅದೂ ನಗುನಗುತ್ತಾ. ಬದಲಿಗೆ ಏನಾದರೂ ಸಿಗುತ್ತದೆ ಅಂತ ಕೊಟ್ಟರೆ ಆ ಬೆಲೆಯಷ್ಟು ದೇಣಿಗೆಯೇ ಅಲ್ಲ, ಅದಕ್ಕೆ ರಸೀದಿ ಕೊಡುವಂತಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವ ಪಟ್ಟಿ ನಮ್ಮ ಕೈಯಲ್ಲೇ ಇಲ್ಲ.

ಇದನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ. ಕಟ್ಟಡ ನಾವು ಕಟ್ಟಬಹುದು, ಸಾಲದ ಪತ್ರಕ್ಕೆ ಸಹಿ ನಾವೇ ಹಾಕಬಹುದು. ಹಾಸಿಗೆಗೆ ಲೈಸೆನ್ಸ್ ಕೊಡೋದು ಪ್ರಾಂತ್ಯ ಸರ್ಕಾರ. ಕಾಯುವವರ ಪಟ್ಟಿ ಇರೋದು ಒಂಟಾರಿಯೊ ಹೆಲ್ತ್ ಅಟ್‌ಹೋಮ್ ಅನ್ನುವ ಸರ್ಕಾರಿ ಸಂಸ್ಥೆಯ ಕೈಯಲ್ಲಿ. ಮನೆಯಲ್ಲಿ ಇನ್ನು ನೋಡಿಕೊಳ್ಳೋಕೆ ಸಾಧ್ಯವೇ ಇಲ್ಲ ಅನ್ನುವ ತುರ್ತು ಸ್ಥಿತಿಯವರು ಮೊದಲು, ಆಮೇಲೆ ಗಂಡನೋ ಹೆಂಡತಿಯೋ ಆಗಲೇ ಒಳಗಿರುವವರು. ಧರ್ಮ, ಜನಾಂಗ, ಭಾಷೆಯ ಆಧಾರದಲ್ಲಿ ನಮ್ಮಂಥ ಹೋಮ್ ಬೇಕು ಅನ್ನುವವರಿಗೂ ಒಂದು ವರ್ಗ ಇದೆ, ಆದರೆ ಅದು ಇವರಿಬ್ಬರ ನಂತರ. 2022ರ ಕಾಯ್ದೆ ಬಂದ ಮೇಲೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದವರನ್ನು ಅವರು ಕೇಳದ ಹೋಮಿಗೂ ಕಳಿಸಬಹುದು. ಸಿಕ್ಕ ಹಾಸಿಗೆ ಬೇಡ ಅಂತ ಆಸ್ಪತ್ರೆಯಲ್ಲೇ ಉಳಿದರೆ ದಿನಕ್ಕೆ 400 ಡಾಲರ್. ಹಾಗಾಗಿ ನಾವು ತೆರೆದ ಮೇಲೆ ಬಂದವರಲ್ಲಿ ಪೋರ್ಚುಗೀಸ್ ಮಾತಾಡುವ ಅಜ್ಜ ಒಬ್ಬರಿದ್ದರು, ಮೊದಲ ವಾರ ಹುಳಿ ನೋಡಿ ಮುಖ ತಿರುಗಿಸುತ್ತಿದ್ದರು. ಅವರಿಗೆ ಬೇರೆ ತಟ್ಟೆ ಹೋಗುತ್ತಿತ್ತು, ಹೋಗಲೇಬೇಕು ಅಲ್ವಾ? ಕೆಲವು ದಾನಿಗಳಿಗೆ ಇದು ನುಂಗಲಾರದ ತುತ್ತಾಯಿತು. "ನಮ್ಮ ದುಡ್ಡಲ್ಲಿ ಕಟ್ಟಿ ನಮ್ಮವರೇ ಹೊರಗೆ" ಅಂದರು. ನನಗೇನೋ ಹಾಗನ್ನಿಸಲಿಲ್ಲ. ತುರ್ತು ಅಂದರೆ ತುರ್ತೇ. ಆದರೆ ಇದನ್ನೆಲ್ಲ ದುಡ್ಡು ಕೇಳುವಾಗಲೇ ಹೇಳಿಬಿಡಬೇಕು. ನಮ್ಮ ಕರಪತ್ರದ ಎರಡನೇ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೆವು. ಅದರಿಂದ ಕೆಲವರು ಕೈಬಿಟ್ಟರು, ಇರಲಿ.

ಹಾಗಾದರೆ ಅಷ್ಟು ದುಡ್ಡು ಹಾಕಿ ಸಿಕ್ಕಿದ್ದೇನು? ಒಳಗಿನ ದಿನ ಹೇಗೆ ನಡೆಯಬೇಕು ಅಂತ ತೀರ್ಮಾನಿಸುವ ಹಕ್ಕು. ನಿತ್ಯದ ಖರ್ಚಿಗೆ ಸರ್ಕಾರದ ಹಣ ಬರುತ್ತದೆ. ಹಿರಿಯರು ವಾಸಕ್ಕೆ ಅಂತ ತಿಂಗಳಿಗೆ ಸುಮಾರು 2,000 ಡಾಲರ್ ಕೊಡುತ್ತಾರೆ, ಸಾಮಾನ್ಯ ಕೋಣೆಯಾದರೆ ಆದಾಯ ಕಡಿಮೆ ಇದ್ದವರಿಗೆ ರಿಯಾಯಿತಿ ಇದೆ. ಆದರೆ ಸರ್ಕಾರದ ದುಡ್ಡಿನಲ್ಲಿ ನರ್ಸಿಂಗಿಗೆ ಬೇರೆ ಗಂಟು, ಚಟುವಟಿಕೆಗೆ ಬೇರೆ, ಊಟಕ್ಕೆ ಬೇರೆ. ಇವುಗಳಲ್ಲಿ ಉಳಿದದ್ದು ವಾಪಸ್. ಕಟ್ಟಡದ ಸಹಾಯಧನದ ದೊಡ್ಡ ಪಾಲು ಹೋಮ್ ತೆರೆದ ಮೇಲೆ, ಹಾಸಿಗೆಗೆ ದಿನಕ್ಕಿಷ್ಟು ಅಂತ 25 ವರ್ಷ ಬರುತ್ತದೆ. ಅಲ್ಲಿಯವರೆಗೆ ಬ್ಯಾಂಕು ಮತ್ತು ದಾನಿಗಳು. ಬ್ಯಾಂಕಿನವರು ಮಾತು ಕೊಟ್ಟ ದೇಣಿಗೆಯನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ, ಕೈಗೆ ಬಂದದ್ದು ಮಾತ್ರ ನೋಡಿದರು.

ಊಟದ ಸಮಿತಿಗೆ ಬಂದ ಮೇಲೆ ನನಗೆ ನಿಜವಾದ ಕೆಲಸ ಸಿಕ್ಕಿತು. ನಿಯಮದ ಪ್ರಕಾರ ಮೆನು ಕನಿಷ್ಠ 21 ದಿನದ ಸುತ್ತು ಇರಬೇಕು, ಮೂರು ಊಟ, ಮಧ್ಯಾಹ್ನ ಮತ್ತು ರಾತ್ರಿ ತಿಂಡಿ. ಅದು ಸುಲಭ. ನುಂಗಲು ಕಷ್ಟ ಇರುವವರಿಗೆ ಏನು ಕೊಡೋದು ಅನ್ನೋದರಲ್ಲಿ ತಲೆ ಕೆಟ್ಟಿತು. ಪಾರ್ಶ್ವವಾಯು, ಮರೆವಿನ ಕಾಯಿಲೆ ಇದ್ದವರಲ್ಲಿ ಇದು ಸಾಮಾನ್ಯ. ಅನ್ನ ಸಾರು ಮೆತ್ತಗಿದೆ, ಪಾಪ ಅದನ್ನೇ ಕೊಡೋಣ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್ ಕಣ್ಣರಳಿಸಿದರು. ನೀರಾದ ಸಾರು ಒಂದು ವೇಗದಲ್ಲಿ ಇಳಿಯುತ್ತದೆ, ಅಗುಳು ಇನ್ನೊಂದು ವೇಗದಲ್ಲಿ, ನೆತ್ತಿಗೆ ಹತ್ತೋಕೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ. ರಾಗಿ ಮುದ್ದೆ ಇನ್ನೂ ಅಪಾಯ, ಅಂಟುತ್ತದೆ. ನಾವೋ ಅದನ್ನು ಅಗಿಯದೆ ನುಂಗಬೇಕು ಅನ್ನುವವರು!

ಊಟ, ಪಾನೀಯ ಎಷ್ಟು ತೆಳು, ಎಷ್ಟು ಗಟ್ಟಿ ಇರಬೇಕು ಅಂತ ಹೇಳುವ ಐಡಿಡಿಎಸ್ಐ ಅನ್ನುವ ಅಂತರರಾಷ್ಟ್ರೀಯ ಅಳತೆಯಲ್ಲಿ ಸೊನ್ನೆಯಿಂದ ಏಳರವರೆಗೆ ಹಂತಗಳಿವೆ, ನಾಲ್ಕನೆಯದು ನುಣ್ಣಗೆ ರುಬ್ಬಿದ್ದು. ಪರೀಕ್ಷೆ ಹೀಗೆ: ಚಮಚದಲ್ಲಿ ತಗೊಂಡರೆ ಆಕಾರ ನಿಲ್ಲಬೇಕು, ಓರೆ ಮಾಡಿದರೆ ಪೂರ್ತಿ ಜಾರಿ ಬೀಳಬೇಕು, ಅಂಟಿಕೊಂಡು ಉಳಿಯಬಾರದು. ಬರೀ ಅನ್ನ ರುಬ್ಬಿದರೆ ಗೋಂದು. ಚೆನ್ನಾಗಿ ಬೆಂದ ತೊಗರಿಬೇಳೆ ಜೊತೆ, ಸ್ವಲ್ಪ ತುಪ್ಪ ಹಾಕಿ ರುಬ್ಬಿದರೆ ಜಾರಿತು. ಒಗ್ಗರಣೆ ಇಲ್ಲದೆ ಯಾರು ತಿಂತಾರೆ? ಸಾಸಿವೆ, ಕರಿಬೇವು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ತುಪ್ಪದಲ್ಲಿ ಇಂಗು, ಜೀರಿಗೆ, ಕರಿಬೇವು ಹಾಕಿ ಘಮ ಬಿಟ್ಟ ಮೇಲೆ ಸೋಸಿ, ಆ ತುಪ್ಪ ಮಾತ್ರ ಮೇಲೆ. ಬಹಳ ದಿನದಿಂದ ಬಾಯಿ ತೆರೆಯದೆ ಸತಾಯಿಸುತ್ತಿದ್ದ ಒಬ್ಬ ಅಜ್ಜಿ ಆ ವಾಸನೆಗೆ ತಲೆ ಎತ್ತಿ, "ಉಪ್ಪು ಕಮ್ಮಿ" ಅಂದರು.

ಸಿಬ್ಬಂದಿಯ ಬಗ್ಗೆ ಒಂದೇ ಮಾತು. ಮರೆವು ಜಾಸ್ತಿಯಾದವರು ಆಮೇಲೆ ಕಲಿತ ಇಂಗ್ಲಿಷನ್ನು ಬಿಟ್ಟು ತಾಯಿನುಡಿಗೇ ವಾಪಸಾಗುತ್ತಾರೆ. ರಾತ್ರಿ ಎರಡು ಗಂಟೆಗೆ "ಒಂದಕ್ಕೆ ಹೋಗ್ಬೇಕು" ಅಂದದ್ದು ಅರ್ಥವಾಗುವ ಒಬ್ಬರಾದರೂ ಆ ಮಹಡಿಯಲ್ಲಿರಬೇಕು. ಸ್ನಾನ, ಊಟಕ್ಕೆಲ್ಲ ನೆರವಾಗುವ ಪಿಎಸ್‌ಡಬ್ಲ್ಯೂಗಳನ್ನು (ಪರ್ಸನಲ್ ಸಪೋರ್ಟ್ ವರ್ಕರ್) ಶಿಫ್ಟಿಗೆ ಹಾಕುವಾಗ ನಾವು ಭಾಷೆ ನೋಡಿಯೇ ಹಾಕಿಸಿದೆವು. ಹಗಲಲ್ಲಿ ಹೇಗೋ ಮಗನೋ ಮಗಳೋ ಬರುತ್ತಾರೆ, ರಾತ್ರಿಗೆ ಯಾರೂ ಇಲ್ಲ.

ಈಗ ಇನ್ನಷ್ಟು ಹಾಸಿಗೆ ಕೇಳೋಣ ಅಂತ ಬೋರ್ಡಿನಲ್ಲಿ ಮಾತು ನಡೆಯುತ್ತಿದೆ. ನಾನು ಬೇಡ ಅನ್ನುತ್ತಿದ್ದೇನೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಹಗಲು ಕೇಂದ್ರ ಮಾಡೋಣ, ಅದಕ್ಕೆ ಹಾಸಿಗೆಯ ಲೈಸೆನ್ಸೂ ಬೇಡ, ನೋಡಿಕೊಳ್ಳುವ ಸೊಸೆಗೂ ಮಗಳಿಗೂ ಒಂದಿಷ್ಟು ಬಿಡುವು ಸಿಗುತ್ತದೆ, ಅಡುಗೆಮನೆ ಹೇಗೂ ಇದೆ. ಮುಂದಿನ ಮೀಟಿಂಗಿನಲ್ಲಿ ಓಟಿಗೆ ಹಾಕುತ್ತಾರಂತೆ, ಸೋಲುತ್ತೇನೆ ಅಂತಲೇ ಕಾಣುತ್ತದೆ.