ನೆಟ್ಟದ್ದು ಕೋಲು, ಬಂದದ್ದು ಕಾಡು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದೊಂದು ಗೇರು ಗುಡ್ಡೆ ಇದೆ. ಮರಗಳಿಗೆಲ್ಲ ವಯಸ್ಸಾಗಿ ಫಸಲು ನಿಂತಿತ್ತು. ರಬ್ಬರ್ ಹಾಕುವ ಮನಸ್ಸಿರಲಿಲ್ಲ. ಕಾಡೇ ಬರಲಿ ಅಂತ ತೀರ್ಮಾನ ಮಾಡಿದೆ.

ಆದರೆ ಸುಮ್ನೆ ಬಿಟ್ಟರೆ ಇಂಥ ಪದವಿನಲ್ಲಿ, ಅಂದರೆ ಮುರಕಲ್ಲಿನ ಬೋಳು ನೆಲದಲ್ಲಿ, ಬರುವುದು ಮುಳಿಹುಲ್ಲು ಮತ್ತು ಕಮ್ಯುನಿಸ್ಟ್ ಗಿಡ ಅನ್ನುವ ಕಳೆ. ಬೇಸಿಗೆಯಲ್ಲಿ ಎರಡೂ ಒಣಗಿ ನಿಂತಾಗ ಒಂದು ಬೀಡಿ ತುಂಡು ಸಾಕು. ಬೆಂಕಿ ಹೋದಲ್ಲಿ ಮರದ ಸಸಿ ಸಾಯುತ್ತದೆ, ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ. ಹಾಗಾಗಿ ಜನವರಿಯಲ್ಲೇ ಸುತ್ತಲೂ ಹುಲ್ಲು ಕೆತ್ತಿಸಿ ಬೆಂಕಿ ದಾಟದ ಹಾಗೆ ದಾರಿ ಮಾಡಿಸುತ್ತೇನೆ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ದಂಡ.

ಆಮೇಲೆ ಹಕ್ಕಿಗೆ ಕೂರಲು ಜಾಗ. ಕೂತ ಹಕ್ಕಿ ಹಿಕ್ಕೆ ಹಾಕಿದರೆ ತಿಂದ ಹಣ್ಣಿನ ಬೀಜವೂ ಅಲ್ಲೇ ಬೀಳುತ್ತದೆ. ಹಳೆ ಅಡಿಕೆ ಸಲಾಕೆಗೆ ಅಡ್ಡ ಕೋಲು ಕಟ್ಟಿ, ಮುರಕಲ್ಲು ಬಿರುಕು ಬಿಟ್ಟ ಕಡೆ ನಿಲ್ಲಿಸಿದೆ. "ಎಂತ ಅಣ್ಣ, ಒಳ್ಳೆಮೆಣಸು ಬಿಡ್ಲಿಕ್ಕಾ?" ಅಂತ ನೆರೆಯವರು ಕೇಳಿದರು. ಬುಡಕ್ಕೆ ತರಗೆಲೆ ರಾಶಿ ಹಾಕಿದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಬರಿ ಕಲ್ಲಿನ ಮೇಲೆ ಬಿದ್ದ ಬೀಜ ಮೊದಲ ಮಳೆಗೇ ತೊಳೆದುಹೋಗುತ್ತದೆ.

ಕೋಲಿನ ಕೆಳಗೆ ಹುಟ್ಟಿದ್ದು ಕುಂಟಲ, ಕೇಪಳ, ಚೂರಿಮುಳ್ಳು. ಎಲ್ಲವೂ ಪಿಕಳಾರ ಹಕ್ಕಿಯ ಬಾಯಿಗೆ ಹಿಡಿಸುವ ಸಣ್ಣ ಹಣ್ಣಿನವು. ಪೊದೆ ಎತ್ತರವಾಗಿ ನೆರಳು ಬಿದ್ದಂತೆ ಕಮ್ಯುನಿಸ್ಟ್ ಗಿಡ ತಾನಾಗಿ ಸೊರಗಿತು, ಅದಕ್ಕೆ ಬಿಸಿಲಿಲ್ಲದೆ ಆಗುವುದಿಲ್ಲ. ಒಂದು ತಲೆನೋವೂ ಬಂತು. ಅಕೇಶಿಯಾ ಬೀಜಕ್ಕೆ ಕಿತ್ತಳೆ ಬಣ್ಣದ ದಾರದಂಥ ಬಾಲ ಇರುತ್ತದೆ. ಅದನ್ನು ತಿನ್ನಲು ಹಕ್ಕಿಗಳು ಬೀಜವನ್ನೂ ನುಂಗುತ್ತವೆ, ನನ್ನ ಕೋಲಿನ ಮೇಲೆಯೇ ಬಂದು ಕೂರುತ್ತವೆ! ಜೂನ್‌ನಲ್ಲಿ ಮಣ್ಣು ಮೆತ್ತಗಿರುವಾಗ ಸಸಿಗಳನ್ನು ಕೀಳಬೇಕು. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೆಂಕಿ ತಾಗಿದರಂತೂ ಜಾಸ್ತಿ ಮೊಳೆಯುತ್ತದೆ.

ಬೈನೆ ಮರದ ಬೀಜ ತಂದದ್ದು ಪುನುಗು ಬೆಕ್ಕು. ಬೈನೆ ಹಣ್ಣು ಮುಟ್ಟಿದರೆ ನಮ್ಮ ಕೈ ತುರಿಸುತ್ತದೆ, ಅದಕ್ಕೆ ಮಾತ್ರ ಅದೇ ಹಬ್ಬ. ಆದರೆ ಹಿಕ್ಕೆ ಹಾಕುವುದು ಚಪ್ಪಟೆ ಕಲ್ಲಿನ ನೆತ್ತಿಯ ಮೇಲೆ. ಒಂದು ಮಳೆ ಬಿದ್ದ ಮೇಲೆ ನೋಡಿದರೆ ಕಸವೆಲ್ಲ ತೊಳೆದುಹೋಗಿ, ನುಣ್ಣಗಿನ ಕಪ್ಪು ಬೀಜಗಳು ಮಾತ್ರ ಕಲ್ಲಿನ ಕುಳಿಯಲ್ಲಿ ಉಳಿದಿರುತ್ತವೆ. ಅಲ್ಲೇ ಬಿಟ್ಟರೆ ಒಣಗಿಹೋಗುತ್ತವೆ. ಹೆಕ್ಕಿ ತಂದು ಪೊದೆಯ ನೆರಳಲ್ಲಿ ಹೂಳುತ್ತೇನೆ. ಮೊಳೆಯಲು ತಿಂಗಳುಗಟ್ಟಲೆ ಬೇಕು, ಅವಸರ ಮಾಡಬಾರದು.

ಎಷ್ಟು ಕಾದರೂ ಬಾರದ್ದು ಕಿರಾಲ್‌ಬೋಗಿ ಮರ. ಬೀಜಕ್ಕೆ ಎರಡು ರೆಕ್ಕೆ ಇದೆ ನಿಜ, ತಿರುಗುತ್ತಾ ಇಳಿದು ತಾಯಿಮರದ ಆಸುಪಾಸಿನಲ್ಲೇ ಬೀಳುತ್ತದೆ. ಯಾವ ಹಕ್ಕಿಯೂ ಅದನ್ನು ಹೊತ್ತು ತರುವುದಿಲ್ಲ. ನಮಗೆ ಹತ್ತಿರದ ತಾಯಿಮರ ಇರುವುದು ನಾಗಬನದಲ್ಲಿ, ಮಧ್ಯೆ ಗದ್ದೆ, ರಸ್ತೆ. ಬನದೊಳಗೆ ಕಾಲಿಡುವ ಹಾಗಿಲ್ಲ, ದಾರಿಗೆ ಬಿದ್ದದ್ದನ್ನೇ ಹೆಕ್ಕಿದ್ದು. ಬೀಜದ ಜೀವ ಕೆಲವೇ ದಿನ. ಮಳೆ ಶುರುವಾಗುವ ಹೊತ್ತಿಗೆ ಬೀಳುತ್ತದೆ, ಆವತ್ತೇ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಅಡಿಕೆ ತೋಟದ ನೆರಳಲ್ಲಿಡಬೇಕು. ಡಬ್ಬದಲ್ಲಿ ಕಾದಿಟ್ಟು ಆಮೇಲೆ ಬಿತ್ತುವ ಲೆಕ್ಕ ಇದಕ್ಕೆ ನಡೆಯುವುದಿಲ್ಲ.

ಅದೂ ಒಂದೇ ಬನದ ಬೀಜದಿಂದ ಗುಡ್ಡೆ ತುಂಬಿಸಿದರೆ ಎಲ್ಲವೂ ಅಣ್ಣತಮ್ಮಂದಿರೇ ಆಗುತ್ತವೆ ಅಲ್ವಾ? ಮುಂದೆ ಅವುಗಳೊಳಗೇ ಪರಾಗ ಹಂಚಿಕೆಯಾದರೆ ಸಂತತಿ ಸೊರಗುವ ಅಪಾಯವಿದೆ. ಅದಕ್ಕೇ ಮೇ ತಿಂಗಳು ಬಂತೆಂದರೆ ಪೆರ್ಲ, ಮುಳ್ಳೇರಿಯ ಕಡೆಯ ನೆಂಟರಿಗೆ ಫೋನ್ ಮಾಡಿ, ಅವರ ಬನದ ಬುಡದಲ್ಲಿ ಬೀಜ ಬಿದ್ದಿದೆಯಾ ಅಂತ ಕೇಳುತ್ತೇನೆ. ಬಿದ್ದಿದೆ ಅಂದರೆ ಮರುದಿನದ ಮೊದಲ ಬಸ್ಸಿಗೇ ಹೊರಡುತ್ತೇನೆ.