ನ್ಯಾನೋಗೆ ಮುಂದೊಂದು ಸೈಜು, ಹಿಂದೊಂದು ಸೈಜು: ನಾನು ಟೈರ್ ಹಾಕಿಸಿದ ಕಥೆ

ಟಾಟಾ ನ್ಯಾನೋಗೆ ಮುಂದೆ 135/70 ಆರ್12, ಹಿಂದೆ 155/65 ಆರ್12. ಕಂಪನಿಯಿಂದ ಬರುವಾಗಲೇ ಹೀಗೆ. ಆದರೂ ಟೈರ್ ಅಂಗಡಿಗೆ ಹೋದರೆ "ಸರ್, ಯಾರೋ ನಿಮಗೆ ಬೇರೆ ಬೇರೆ ಸೈಜ್ ಹಾಕಿಬಿಟ್ಟಿದ್ದಾರೆ" ಅನ್ನೋ ಹುಡುಗರು ಈಗಲೂ ಸಿಗುತ್ತಾರೆ. ಅವರ ತಪ್ಪೂ ಅಲ್ಲ. 2018ರ ಹೊತ್ತಿಗೇ ಈ ಕಾರು ತಯಾರಾಗುವುದು ನಿಂತಿತು. ಅವರ ಕೈಗೆ ದಿನಾ ಬರೋದು ನಾಲ್ಕೂ ಚಕ್ರ ಒಂದೇ ಸೈಜ್ ಇರುವ ಕಾರುಗಳು.

ನನ್ನದು ಪವರ್ ಸ್ಟೀರಿಂಗ್ ಇಲ್ಲದ ಹಳೇ ಮಾಡೆಲ್. ಶಿವಮೊಗ್ಗದಲ್ಲಿ ಓಡಾಟ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ. ಹಿಂದಿನ ಎರಡೂ ಟೈರ್ ಸವೆದಿದ್ದವು. ರಸ್ತೆಗೆ ತಾಗುವ ಮೇಲ್ಮೈಯ ಪಟ್ಟಿಗಳ ನಡುವಿನ ಸಂದಿಯಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತಲ್ಲ, ಪಟ್ಟಿ ಅದರ ಸಮಕ್ಕೆ ಬಂದಿತ್ತು. ಅಂದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ, ಕಾನೂನಿನ ಲೆಕ್ಕದಲ್ಲೂ ಅದೇ ಕೊನೆ. ಮುಂದಿನವುಗಳಲ್ಲಿ ಪಟ್ಟಿ ಇನ್ನೂ ಚೆನ್ನಾಗಿತ್ತು, ಆದರೆ ಬದಿಯಲ್ಲಿ ಕೂದಲೆಳೆಯಂಥ ಬಿರುಕು. ನ್ಯಾನೋದಲ್ಲಿ ಇದು ಸಹಜ. ಎಂಜಿನ್ ಹಿಂದೆ, ಎಳೆಯೋದೂ ಹಿಂದಿನ ಚಕ್ರವೇ, ಹಾಗಾಗಿ ಹಿಂದಿನವು ಓಡಿ ಸವೆಯುತ್ತವೆ. ಮುಂದಿನವು ವಯಸ್ಸಾಗಿ ಹಾಳಾಗುತ್ತವೆ. ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕಿ ಸಮ ಮಾಡೋಣ ಅಂದರೆ ಸೈಜೇ ಬೇರೆ.

ಅಂಗಡಿಯವರು ಕೊಟ್ಟ ಸಲಹೆ ಎರಡು. ಒಂದು, ನಾಲ್ಕಕ್ಕೂ 155 ಹಾಕಿಬಿಡಿ, ಆಗ ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕುವ ರೊಟೇಷನ್ ಮಾಡಬಹುದು. ಇನ್ನೊಂದು, ನಾಲ್ಕಕ್ಕೂ 145/70 ಆರ್12 ಹಾಕಿ. ಅದು ಪುಟ್ಟ ಎಲೆಕ್ಟ್ರಿಕ್ ಕಾರು ಎಂಜಿ ಕಾಮೆಟ್‌ನ ಸೈಜು, ಹುಡುಕೋ ಕಷ್ಟ ಇಲ್ಲ.

ನಾನು ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಇದು ಯಾರು ಬೇಕಾದರೂ ಮಾಡಬಹುದಾದ ಲೆಕ್ಕ. 135/70 ಆರ್12 ಅಂದರೆ ಅಗಲ 135 ಮಿ.ಮೀ., ಬದಿಯ ಎತ್ತರ ಅದರ ನೂರಕ್ಕೆ 70, ರಿಮ್ 12 ಇಂಚು. ಬದಿ ಮೇಲೊಂದು, ಕೆಳಗೊಂದು, ಅದಕ್ಕೇ ಎರಡರಿಂದ ಗುಣಿಸಬೇಕು: 189. ಅದಕ್ಕೆ 12 ಇಂಚಿನ 304.8 ಸೇರಿಸಿದರೆ ಒಟ್ಟು ವ್ಯಾಸ 493.8 ಮಿ.ಮೀ. ಹಾಗೇ 155/65ಕ್ಕೆ 506.3, 145/70ಕ್ಕೆ 507.8.

ನೋಡಿ, 145/70 ವ್ಯಾಸದಲ್ಲಿ ಹಿಂದಿನ ಟೈರಿಗೆ ಸರಿಯಾಗೇ ಹೊಂದುತ್ತೆ, ಬರೀ ಒಂದೂವರೆ ಮಿ.ಮೀ. ವ್ಯತ್ಯಾಸ. ಇಷ್ಟಕ್ಕೇ ಮರುಳಾಗಬಾರದು. ಸೈಜಿನ ಪಕ್ಕದಲ್ಲಿ ಇನ್ನೊಂದು ನಂಬರ್ ಇರುತ್ತೆ, ಭಾರ ಹೊರುವ ಶಕ್ತಿಯದ್ದು. 155/65ರಲ್ಲಿ 71 ಅಂತಿದೆ, ಅಂದರೆ ಒಂದು ಟೈರ್ 345 ಕೆ.ಜಿ. ಹೊರಬಲ್ಲದು. 145/70ರಲ್ಲಿ ಇರೋದು 69, ಅಂದರೆ 325 ಕೆ.ಜಿ. ಎಂಜಿನ್ ಕೂತಿರೋ ಕಡೆ, ಹಿಂದಿನ ಸೀಟಲ್ಲಿ ಮೂವರನ್ನು ಕೂರಿಸಿಕೊಂಡು ಘಾಟಿ ಹತ್ತುವ ಕಾರಿಗೆ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಹೊರುವ ಟೈರ್ ನಾನು ಹಾಕಿಸಲ್ಲ. ಆ ಸಲಹೆ ಅಲ್ಲಿಗೆ ಮುಗೀತು.

ನಾಲ್ಕಕ್ಕೂ 155 ಅನ್ನೋದು ಅಷ್ಟು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಗೆಳೆಯನೊಬ್ಬನ ನ್ಯಾನೋ ಹಾಗೇ ಇದೆ, ಅವನಿಗೆ ಖುಷಿಯೇ. ಅದನ್ನು ತಗೊಂಡು ಒಂದು ಸುತ್ತು ಹೊಡೆದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಭುಜಕ್ಕೇ ಗೊತ್ತಾಗುತ್ತೆ, ನನ್ನ ಕಾರಿಗಿಂತ ಭಾರ. ಅದಾದರೂ ಅಭ್ಯಾಸ ಆಗಬಹುದು. ನನಗೆ ಇಷ್ಟವಾಗದೇ ಇದ್ದದ್ದು ಬೇರೆ. ಹಿಂದೆ ಭಾರ ಇರುವ ಕಾರು ತಿರುವಿನಲ್ಲಿ ಹಿಡಿತ ಕಳೆದುಕೊಂಡರೆ ಹಿಂಭಾಗವೇ ಹೊರಗೆ ಜಾರಲು ನೋಡುತ್ತೆ. ಹಾಗಾಗಬಾರದು ಅಂತಲೇ ಹಿಂದೆ ಅಗಲ, ಮುಂದೆ ಕಿರಿದು. ಹಿಡಿತ ತಪ್ಪುವುದಾದರೆ ಮೊದಲು ಮುಂಭಾಗ ತಪ್ಪಲಿ. ಆಗ ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟರೆ ಕಾರು ಮತ್ತೆ ದಾರಿಗೆ ಬರುತ್ತೆ. ಹಿಂಭಾಗ ತಿರುಗಿಬಿಟ್ಟರೆ ನನ್ನಂಥವನ ಕೈಯಲ್ಲಿ ಅದನ್ನು ಸರಿಮಾಡೋಕೆ ಆಗಲ್ಲ. ಮುಂದೆಯೂ 155 ಹಾಕಿದರೆ ಆ ಲೆಕ್ಕಾಚಾರವನ್ನೇ ಕೆಡಿಸಿದ ಹಾಗೆ, ಅಲ್ವಾ? ಮಳೆಗಾಲದ ಆಗುಂಬೆಯ ತಿರುವಿನಲ್ಲಿ ಅದನ್ನು ಪರೀಕ್ಷೆ ಮಾಡೋ ಆಸೆ ನನಗಿಲ್ಲ. (ಎಂಜಿನ್ ಹಿಂದಿರುವ ಪೋರ್ಷೆ 911ರಲ್ಲೂ ಹಿಂದಿನ ಟೈರ್ ಅಗಲ. ನ್ಯಾನೋ ಇಟ್ಟುಕೊಂಡವರು ಇದನ್ನು ಹೇಳಿಕೊಂಡು ತಿರುಗಬಹುದು.)

ಕೊನೆಗೆ ಕಂಪನಿ ಸೈಜೇ ಬೇಕು ಅಂದೆ. 155 ಅಂಗಡಿಯಲ್ಲೇ ಇತ್ತು. 135 ಬೆಂಗಳೂರಿನಿಂದ ತರಿಸಬೇಕಾಯ್ತು. ಇಂಥ ಅಪರೂಪದ ಸೈಜಿನಲ್ಲಿ ಒಂದು ವಿಷಯ ಕಡ್ಡಾಯ: ಬದಿಯಲ್ಲಿರುವ ನಾಲ್ಕು ಅಂಕಿ ಓದಲೇಬೇಕು. 1219 ಅಂತಿದ್ದರೆ 2019ರ 12ನೇ ವಾರದ ಮಾಲು. ಗೋಡೌನಿನಲ್ಲಿ ಕೂತೇ ಮುದಿಯಾದ ಟೈರು ನೋಡೋಕೆ ಹೊಸದರಂತೆಯೇ ಹೊಳೆಯುತ್ತೆ. ಮೊದಲು ಬಂದ ಜೋಡಿಯನ್ನು ಈ ಕಾರಣಕ್ಕೇ ವಾಪಸ್ ಕಳಿಸಿದೆ.

ಮುಂದೆ ಹಿಂದೆ ಬೇರೆ ಇರಬಹುದು, ಆದರೆ ಎಡ ಬಲ ಒಂದೇ ಇರಬೇಕು. ಸೈಜು, ಕಂಪನಿ, ಪಟ್ಟಿಯ ವಿನ್ಯಾಸ ಎಲ್ಲ. ಹಾಗಾಗಿ ಯಾವತ್ತೂ ಜೋಡಿಯಾಗೇ ತಗೋತೀನಿ.

ಸ್ಟೆಪ್ನಿಯದ್ದೇ ಸ್ವಲ್ಪ ತಲೆನೋವು. ನನ್ನ ಕಾರಿನಲ್ಲಿರೋದು 135. ಮುಂದೆ ಪಂಚರ್ ಆದರೆ ಚಿಂತೆ ಇಲ್ಲ. ಹಿಂದೆ ಆಗಿ ಇದನ್ನೇ ಹಾಕಿದರೆ ಒಂದು ಕಡೆ 135, ಇನ್ನೊಂದು ಕಡೆ 155. ಚಿಕ್ಕ ಚಕ್ರ ಕಿಲೋಮೀಟರಿಗೆ ಸುಮಾರು 16 ಸುತ್ತು ಜಾಸ್ತಿ ತಿರುಗಬೇಕು. ನೇರ ರಸ್ತೆಯಲ್ಲೂ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ಗೆ ಬಿಡುವಿಲ್ಲ. ಪಂಚರ್ ಅಂಗಡಿಯವರೆಗೆ ನಿಧಾನಕ್ಕೆ ಹೋಗಬಹುದು, ಅದಕ್ಕಿಂತ ದೂರ ಬೇಡ. ಟ್ಯೂಬ್‌ಲೆಸ್ ಆಗಿರೋದರಿಂದ ನಾನು ಪ್ಲಗ್ ಕಿಟ್ ಮತ್ತು ಸಣ್ಣ ಗಾಳಿ ಪಂಪ್ ಇಟ್ಟುಕೊಂಡಿದ್ದೀನಿ, ಚಕ್ರ ಬಿಚ್ಚೋದೇ ಕಡಿಮೆ.

ಗಾಳಿ ಹೊಡೆಸುವಾಗ ಇಳಿದು ಪಕ್ಕದಲ್ಲಿ ನಿಂತುಕೊಳ್ಳಿ. ಮುಂದೆ ಕಡಿಮೆ, ಹಿಂದೆ ಜಾಸ್ತಿ. ಸುಮ್ನೆ ಕೂತಿದ್ದರೆ ನಾಲ್ಕಕ್ಕೂ ಒಂದೇ ಒತ್ತಡ ತುಂಬಿ ಕಳಿಸ್ತಾರೆ.

ಇದನ್ನು ಓದಿ ಸ್ವಿಫ್ಟ್‌ನವರು "ನಾವೂ ಎರಡು ಚಕ್ರಕ್ಕೆ ಮಾತ್ರ ದೊಡ್ಡದು ಹಾಕಬಹುದಾ" ಅಂತ ಕೇಳಬಹುದು. ಅದರ ಬೇರೆ ಬೇರೆ ಮಾಡೆಲ್‌ಗಳ ಸೈಜಾದ 165/80 ಆರ್14 ಮತ್ತು 185/65 ಆರ್15ರ ವ್ಯಾಸದಲ್ಲಿ ಎರಡು ಮಿ.ಮೀ. ಕೂಡ ವ್ಯತ್ಯಾಸ ಇಲ್ಲ, ಲೆಕ್ಕ ಹೊಂದುತ್ತೆ. ಆದರೆ ಅಗಲದ್ದನ್ನು ಮುಂದೆ ಮಾತ್ರ ಹಾಕಿದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಸಡಿಲ ಆಗುತ್ತೆ. ದುಡ್ಡು ಕೂಡುವವರೆಗೆ ಕಾದು ನಾಲ್ಕನ್ನೂ ಒಟ್ಟಿಗೆ ಬದಲಿಸಿ ಅಂತಲೇ ನಾನು ಹೇಳೋದು. ನಾಲ್ಕೂ ಚಕ್ರ ಎಳೆಯುವ ಗಾಡಿಗಳಲ್ಲಂತೂ ಈ ಪ್ರಯೋಗ ಬೇಡವೇ ಬೇಡ. ಸುತ್ತಿನ ಸಣ್ಣ ವ್ಯತ್ಯಾಸವೂ ಒಳಗಿನ ಗೇರುಗಳನ್ನು ಬಿಸಿ ಮಾಡಿ ತಿಂದುಹಾಕುತ್ತೆ, ಆ ರಿಪೇರಿ ಬಿಲ್ಲಿನಲ್ಲಿ ಎರಡು ಸೆಟ್ ಟೈರ್ ಬರುತ್ತೆ.